ಉಡದಾರ ಹರಿದ ಕೈ

ಕಂತು ಒಂಬತ್ತು

ಏಳನೆಯ ಫೋಟೊದ ಮೇಲೆ ಸಬ್‌ಇನ್‌ಸ್ಪೆಕ್ಟರ್ ಭುವನೇಶ್ವರಿ ಭೂತಗನ್ನಡಿ ಸರಿಸಿದಳು. ಹೆಣದ ಸೊಂಟದ ಸುತ್ತ ತೆಳುವಾದ ಬಿಳಿ ಗೆರೆಯೊಂದು ಕಾಣುತ್ತಿತ್ತು. ಆ ಗೆರೆಯ ಮೇಲೆ ಇರಬೇಕಾಗಿದ್ದ ಕರಿದಾರ ಇರಲಿಲ್ಲ.

“ಎಷ್ಟೊತ್ತಿಗಿ ತಗದದ್ದು ಇದು?”

“ಮುಂಜಾನಿ ಹತ್ತು ಗಂಟೆ ಹನ್ನೆರಡು ನಿಮಿಷಕ್ಕ, ಮೇಡಂ. ಅಲ್ಲಿ ಟೈಮು,” ಎಂದ ಕಾನ್‌ಸ್ಟೇಬಲ್ ಅಕ್ರಮ. “ತಳಗ ಅವರ ಪೊಲೀಸರು ಬರದಾರ ನೋಡ್ರಿ.”

“ಹೆಣ ದವಾಖಾನಿಗಿ ಹೋಗಿದ್ದು?”

“ಸಂಜಿ ಐದಕ್ಕ, ಕುಸ್ಕೊ ಊರಿಗಿ. ಪೋಸ್ಟ್‌ಮಾರ್ಟಂ ಮರುದಿನ.”

“ಅಂದ್ರ ದವಾಖಾನ್ಯಾಗ ಯಾರೂ ಕತ್ತರಿಸಿಲ್ಲ.”

ಅಕ್ರಮ ಗಲ್ಲ ಕೆರೆದುಕೊಂಡ. ನಿನ್ನೆಯವರೆಗೆ ಇಡೀ ಸುರಪುರ ಠಾಣೆ ದಾರ ಕತ್ತರಿಸಿದವರು ಡಾಕ್ಟರರೇ ಎಂದು ನಂಬಿಕೊಂಡಿತ್ತು.

ದೇವಾಪುರದ ಸಮಾಜವಿಜ್ಞಾನ ಮೇಷ್ಟ್ರು ಜೈಭೀಮ ಮೂವರು ಗೆಳೆಯರ ಜೊತೆ ಪೆರು ದೇಶದ ಪೂಕಾರೂಮಿ ಎಂಬ ಇಂಕಾ ಪಾಳುಪಟ್ಟಣ ನೋಡಲು ಹೋಗಿ, ಅದರ ಕೆಳಗಿನ ಶಿಬಿರದಲ್ಲಿ ಸತ್ತು ಅವತ್ತಿಗೆ ಏಳು ವಾರ.

ಉಡದಾರದ ವಿಷಯ ಮೊದಲು ಎತ್ತಿದವಳು ಅವನ ತಾಯಿ ದೇವಕಮ್ಮ. ಗಂಡುಮಕ್ಕಳ ಸೊಂಟಕ್ಕೆ ಕಟ್ಟಿದ ದಾರವನ್ನು ಹಳತಾದರೆ ಬದಲಿಸುತ್ತಾರೆ, ಬಿಚ್ಚಿ ಬಿಡುವುದಿಲ್ಲ. ಹರಿಯುವುದು ಒಮ್ಮೆ ಮಾತ್ರ, ಜೀವ ಹೋದ ಮೇಲೆ, ತನ್ನವರ ಕೈಯಿಂದ. ಜೂನ್ ಎರಡರಂದು ದೇವಾಪುರದ ಅಂಗಳದಲ್ಲಿ ಪೆಟ್ಟಿಗೆ ತೆರೆದಾಗ ಸೋದರಮಾವ ಈಶಪ್ಪ ಬ್ಲೇಡು ಹಿಡಿದು ಬಗ್ಗಿದ. ಅಂಗಿ ಸರಿಸಿದ. ಹರಿಯಲು ಅಲ್ಲಿ ಏನೂ ಇರಲಿಲ್ಲ.

ಮೂರನೆಯ ದಿನದ ಕಾರ್ಯ ಮುಗಿಸಿಕೊಂಡು ದೇವಕಮ್ಮ ಠಾಣೆಗೆ ಬಂದಿದ್ದಳು. ಯಾರ ಮೇಲೂ ದೂರು ಹೇಳಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

“ನನ್ನ ಮಗ ಸಾಯೂವಾಗ ಒಬ್ಬನ ಇದ್ನೇನ್ರಿ? ಅಷ್ಟ ಹೇಳ್ರಿ.”

ಅದೇ ಪ್ರಶ್ನೆ ಹಿಡಿದುಕೊಂಡು ಇವತ್ತೂ ಬಂದು ಹೊರಗಿನ ಪಡಸಾಲೆಯ ಬೆಂಚಿನ ಮೇಲೆ ಕುಳಿತಿದ್ದಳು. ಅಂಗನವಾಡಿ ಸಹಾಯಕಿಯ ನೀಲಿ ಸೀರೆ, ಮಡಿಲಲ್ಲಿ ಒಂದು ಬಟ್ಟೆ ಚೀಲ.

ಮೇಜಿನ ಮೇಲೆ ಅವಳ ಹೆಸರಿನಲ್ಲಿ ಟೈಪ್ ಮಾಡಿದ ಅರ್ಜಿಯೊಂದಿತ್ತು. ಮಗನ ಸಾವಿನ ಬಗ್ಗೆ ನನಗೆ ಸಂಶಯವಿಲ್ಲ, ಯಾರ ಮೇಲೂ ತಕರಾರಿಲ್ಲ ಎಂಬ ಎಂಟು ಸಾಲು. ಅವಳು ಸಹಿ ಮಾಡಿದರೆ ಇವತ್ತಿನ ಐದು ಗಂಟೆಯ ಟಪಾಲಿನಲ್ಲಿ ಅದು ಮೇಲಿನ ಕಚೇರಿಗೆ ಹೋಗುತ್ತದೆ, ಫೈಲು ಮುಚ್ಚುತ್ತದೆ. ದೇಶದ ಹೊರಗೆ ನಡೆದ ಅಪರಾಧವನ್ನು ಇಲ್ಲಿನ ಕೋರ್ಟಿಗೆ ತರಬೇಕಾದರೆ ದಿಲ್ಲಿಯ ಅನುಮತಿ ಬೇಕು. ತಾಯಿಯೇ ತಕರಾರಿಲ್ಲ ಎಂದು ಬರೆದುಕೊಟ್ಟ ಮೇಲೆ ಆ ಅನುಮತಿಗಾಗಿ ಕಾಗದ ಬರೆಯುವ ಅಧಿಕಾರಿ ಸಿಗುವುದಿಲ್ಲ.

“ಆ ಹುಡುಗರೂ ನನ್ನ ಕೈಯಾಗ ಉಂಡವರ ಅದಾರ್ರಿ,” ಎಂದು ಬೆಳಿಗ್ಗೆ ದೇವಕಮ್ಮ ಹೇಳಿದ್ದಳು. “ಅವರನ್ನ ಕೋರ್ಟಿಗಿ ತಿರುಗಾಡಸೋದು ನನಗ ಬ್ಯಾಡ. ಕೊನೀಗಿ ಅಂವನ ಹತ್ರ ಯಾರರ ಇದ್ರು ಅಂತ ಗೊತ್ತಾದ್ರ ಈಗಾ ಸಹಿ ಮಾಡ್ತೀನಿ.”

ಭುವನೇಶ್ವರಿ ಗಡಿಯಾರ ನೋಡಿದಳು. ಎರಡೂ ಮುಕ್ಕಾಲು.

“ಅಂವ ತಾನಾ ಬಿಚ್ಚಿ ಒಗದಿರಬಹುದಲ್ರಿ, ಮೇಡಂ,” ಎಂದ ಅಕ್ರಮ. “ಮೇಷ್ಟ್ರು ಬುದ್ಧವಿಹಾರಕ್ಕ ಹೋಗೋ ಮನಷ್ಯಾ. ಇಂಥಾದ್ದರ ಮ್ಯಾಲ ನಂಬಿಗಿ ಇರಲಿಲ್ಲ ಅಂತಾರ.”

“ನಂಬಿಗಿ ಇರಲಿಲ್ಲ. ಅವ್ವ ಕಟ್ಟಿದ್ಲು ಅಂತ ಇಟಗೊಂಡಿದ್ದ.” ಅವಳು ಇನ್ನೊಂದು ಫೋಟೊ ಅವನತ್ತ ತಳ್ಳಿದಳು. ಗೆಳೆಯ ಪ್ರವೀಣಕುಮಾರ ಮೇ ಹದಿನೈದರ ಸಂಜೆ, ಸಾವಿಗೆ ಎರಡು ದಿನ ಮೊದಲು, ಬಿಸಿನೀರಿನ ಬುಗ್ಗೆಯಲ್ಲಿ ತೆಗೆದದ್ದು. ಉಳಿದ ಮೂವರೂ ತೊಡೆಯವರೆಗೆ ನೀರಲ್ಲಿ ನಿಂತು ನಗುತ್ತಿದ್ದರು. ಜೈಭೀಮನ ಚಡ್ಡಿಯ ಅಂಚಿನ ಮೇಲೆ ಒದ್ದೆಯಾದ ಕರಿದಾರ ಸ್ಪಷ್ಟವಾಗಿತ್ತು.

“ಇನ್ನ ಒಂಬತ್ತನೇದು ನೋಡು.”

ಒಂಬತ್ತನೆಯ ಫೋಟೊದಲ್ಲಿ ಬರೀ ಪಾದಗಳು. ಎರಡೂ ಹೆಬ್ಬೆರಳಿನ ಬುಡದಲ್ಲಿ ಒತ್ತಿದ ಗುರುತು ಇತ್ತು.

“ಬೂಟು ಕಚ್ಚಿರಬೇಕು,” ಎಂದ ಅಕ್ರಮ.

“ಬೂಟು ಹೆಬ್ಬೆರಳಿಗಷ್ಟ ಕಚ್ತದೇನು? ಅದೂ ಉಂಗರದಂಗ?”

ಅಕ್ರಮ ಫೋಟೊವನ್ನು ಬೆಳಕಿಗೆ ಹಿಡಿದು ನೋಡಿದ. ಹೆಣದ ಹೆಬ್ಬೆರಳನ್ನು ಸೇರಿಸಿ ಕಟ್ಟುವುದನ್ನು ಅವನೂ ಓಣಿಯಲ್ಲಿ ನೂರು ಸಲ ನೋಡಿದ್ದ.

ಮೂವರು ಗೆಳೆಯರು ಕುಸ್ಕೊ ಪೊಲೀಸರ ಮುಂದೆ ಕೊಟ್ಟ ಹೇಳಿಕೆ ಒಂದೇ. ರಾತ್ರಿ ಜೈಭೀಮನಿಗೆ ತಲೆನೋವಿತ್ತು. ಬೆಳಿಗ್ಗೆ ಐದಕ್ಕೆ ಡೇರೆಯ ಹೊರಗಿನಿಂದ ಕರೆದಾಗ “ನೀವು ಹೋಗ್ರಿ, ನಾ ಮಲಗ್ತೀನಿ” ಎಂದ. ಡೇರೆ ತೆರೆಯದೆ ಅವರು ಮೇಲೆ ಹತ್ತಿದರು. ಮಧ್ಯಾಹ್ನ ಒಂದಕ್ಕೆ ಇಳಿದಾಗ ಪೊಲೀಸರು ಹಗ್ಗ ಕಟ್ಟಿದ್ದರು. ಹತ್ತಿರ ಬಿಡಲಿಲ್ಲ. ಯಾರೂ ಅವನನ್ನು ಮುಟ್ಟಿಲ್ಲ.

ಯಾರೂ ಮುಟ್ಟದ ದೇಹದ ಉಡದಾರ ಹತ್ತು ಗಂಟೆಯ ಹೊತ್ತಿಗೆ ಹೋಗಿತ್ತು.

“ಮೂವರಾಗ ಯಾರು?” ಎಂದ ಅಕ್ರಮ. “ತೌಫೀಕನ ಬಿಡ್ರಿ, ಟ್ರಾವೆಲ್ಸ್ ನಡಸಾಂವ. ನಮ್ಮ ಮಂದ್ಯಾಗ ಈ ಉಡದಾರದ ರಿವಾಜ ಇಲ್ಲ. ಅಂವಗ ಗೊತ್ತಿರಂಗಿಲ್ಲ.”

“ನಿನಗ ಗೊತ್ತಿಲ್ಲೇನು?”

“ಗೊತ್ತದ.”

“ಮತ್ತ?”

ಅಕ್ರಮ ಹಲ್ಲು ಕಿರಿದ. “ಖರೆ ಅದ ಬಿಡ್ರಿ.”

“ದೇವಕಮ್ಮ ಏಳು ಎಳಿ ಹೊಸ ದಾರ ಮೇಣ ತಿಕ್ಕಿ ಕಟ್ಟಿದ್ಲಂತ. ಕೈಲೆ ಹರಿಯೋದಲ್ಲ. ಕುಸ್ಕೊ ಪೊಲೀಸರ ಸಾಮಾನಿನ ಪಟ್ಟ್ಯಾಗ ಕತ್ತರಿ ಒಂದ ಅದ. ಕೆಂಪು ಔಷಧ ಚೀಲದಾಗ.”

“ಔಷಧ ಅಂಗಡಿ ಶಾಂತಕುಮಾರಂದು.”

“ಅಂವಗ ಮೂರಕ್ಕ ಬರ್ಲಿಕ್ಕ ಹೇಳೀನಿ.”

ಹೈದರಾಬಾದಿನ ಅನುವಾದಕರಿಂದ ಬೆಳಿಗ್ಗೆ ಹನ್ನೊಂದಕ್ಕೆ ಬಂದ ಎರಡು ಹಾಳೆಗಳೂ ಅವಳ ಬಳಿ ಇದ್ದವು. ಶಿಬಿರದಲ್ಲಿ ಹೇಸರಗತ್ತೆ ನೋಡಿಕೊಳ್ಳುತ್ತಿದ್ದ ಸತುರ್ನಿನೊ ಕಿಸ್ಪೆ ಎಂಬಾತ ಎರಡನೆಯ ಸಲ ಕೊಟ್ಟ ಹೇಳಿಕೆ. ಮೊದಲ ವರದಿಯಲ್ಲಿ ಅವನದು ನಾಲ್ಕೇ ಸಾಲು ಇತ್ತು. ಈ ಹಾಳೆಗಳನ್ನು ಭುವನೇಶ್ವರಿ ಎರಡು ಸಲ ಓದಿ, ಮಡಿಸಿ, ಫೈಲಿನ ಕೆಳಗೆ ಇಟ್ಟಿದ್ದಳು. ಅಕ್ರಮನಿಗೂ ತೋರಿಸಿರಲಿಲ್ಲ.

ಮೂರಕ್ಕೆ ಐದು ನಿಮಿಷ ಇರುವಾಗ ಹೊರಗೆ ಬೈಕು ನಿಂತಿತು.

“ಅವ್ವ, ಬಿಪಿ ಗುಳಿಗಿ ತೊಗೊಂಡ್ಯೋ ಇಲ್ಲೋ?” ಎಂಬ ದನಿ ಪಡಸಾಲೆಯಿಂದ ಕೇಳಿತು.

“ನೀ ಕೊಟ್ಟಿದ್ದು ಇನ್ನ ನಾಕ ಅವ, ಶಾಂತೂ.”

“ಮುಗಿದ್ರ ಅಂಗಡಿಗಿ ಬಾ. ಇಲ್ಲಾ ಫೋನ್ ಹಚ್ಚು, ನಾನ ತರ್ತೀನಿ.”

ಶಾಂತಕುಮಾರ ಒಳಗೆ ಬಂದ. ಮೂವತ್ತೈದು ವರ್ಷ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಸುರಪುರದಲ್ಲಿ ಅವನ ಔಷಧ ಅಂಗಡಿಗೆ ಹೋಗದ ಮನೆ ಕಡಿಮೆ. ಅಕ್ರಮನಿಗೆ ಅವನು ಆಮ್ಲಪಿತ್ತದ ಗುಳಿಗೆಯ ಸ್ಟ್ರಿಪ್ ಒಂದನ್ನು ಕೊಟ್ಟ; ಕೇಳಿರಲಿಲ್ಲ, ನೆನಪಿಟ್ಟು ತಂದಿದ್ದ.

“ಕುಂದ್ರಿ,” ಎಂದಳು ಭುವನೇಶ್ವರಿ. “ಕುಸ್ಕೊದಾಗ ಹೇಳಿದ್ದು ಒಂದ ಸಲ ಬಾಯಿಲೆ ಹೇಳ್ರಿ.”

ಅವನು ಹೇಳಿದ. ತಲೆನೋವು, ಐದು ಗಂಟೆ, ನೀವು ಹೋಗ್ರಿ, ಹಗ್ಗ. ಒಂದು ಶಬ್ದವೂ ಹೆಚ್ಚಿಲ್ಲ, ಕಡಿಮೆಯಿಲ್ಲ.

“ಡೇರೆ ತಗೀಲಿಲ್ಲ?”

“ಇಲ್ರಿ.”

“ಆಮ್ಯಾಲೂ ಮುಟ್ಟಲಿಲ್ಲ?”

“ಬಿಡಲಿಲ್ರಿ ಅವರು.”

“ಕುಸ್ಕೊದಾಗ ಎಷ್ಟು ದಿನ ಇದ್ರಿ, ಮ್ಯಾಲ ಹೋಗೂಕಿಂತ ಮೊದಲ?”

“ಒಂದ ದಿನ.”

“ಆ ಎತ್ತರಕ್ಕ ಮೈ ಒಗ್ಗಾಕ ಮೂರು ದಿನ ಇರಬೇಕಂತ ಪುಸ್ತಕದಾಗ ಬರದಾರಲ್ಲ.”

“ವಿಮಾನ ತಡಾ ಆತ್ರಿ. ಪೂಕಾರೂಮಿಗಿ ದಿನಕ್ಕ ನಲವತ್ತ ಮಂದಿಗಿ ಬಿಡ್ತಾರ. ನಮ್ಮ ಪರವಾನಿಗಿ ಹದಿನೇಳಕ್ಕ ಇತ್ತು. ಅವತ್ತ ತಪ್ಪಿದ್ರ ತಪ್ಪಿದಂಗ.”

ಶಿಬಿರದ ಎತ್ತರ ನಾಲ್ಕು ಸಾವಿರದ ನೂರ ಎಂಬತ್ತು ಮೀಟರು. ನಾಲ್ವರೂ ಕಾಲೇಜಿನಿಂದ ಪ್ರತಿ ಭಾನುವಾರ ಶಹಾಪುರದ ಗುಡ್ಡ, ಯಾದಗಿರಿಯ ಕೋಟೆ ಹತ್ತಿದವರು. ಬಂಡೆ ಹತ್ತುವುದು ಅವರಿಗೆ ಗೊತ್ತಿತ್ತು. ಗಾಳಿಯೇ ತೆಳುವಾಗುವ ಜಾಗದಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ. ಎದೆಯಲ್ಲಿ ನೀರು ತುಂಬತೊಡಗಿದರೆ ಅಲ್ಲಿ ನಂಬಬಹುದಾದ ಮದ್ದು ಒಂದೇ: ಕೆಳಗೆ ಇಳಿಸುವುದು.

ಭುವನೇಶ್ವರಿ ಏಳನೆಯ ಫೋಟೊ ಅವನ ಮುಂದಿಟ್ಟಳು.

“ಉಡದಾರ ಎಲ್ಲಿ?”

ಅವನು ನೋಡಿದ. “ದವಾಖಾನ್ಯಾಗ ತಗದಿರಬೇಕ್ರಿ.”

“ಇದು ಡೇರೇದಾಗ ತಗದ ಫೋಟೊ. ಹತ್ತು ಗಂಟೆಗಿ. ನೀವಿನ್ನ ಮ್ಯಾಲಿದ್ರಿ.”

“ಹಂಗಂದ್ರ ಅಂವನ ತಗದಿರಬೇಕು. ಮೊದಲಿಂದಾನೂ ಬ್ಯಾಡ ಬ್ಯಾಡ ಅಂತಿದ್ದ.”

ಅವಳು ಒಂಬತ್ತನೆಯದನ್ನು ಇಟ್ಟಳು. “ಹೆಬ್ಬೆರಳೂ ಅಂವನ ಕಟಗೊಂಡ್ನೇನು?”

ಭುವನೇಶ್ವರಿ ಅಕ್ರಮನತ್ತ ತಿರುಗಿದಳು.

“ಪೆರು ದೇಶದ ಮಂದಿ ಹೆಣದ ಹೆಬ್ಬೆರಳು ಕಟ್ಟತಾರೇನು, ಅಕ್ರಮ?”

“ಇಲ್ರಿ. ಕೇಳೀನಿ.”

“ಉಡದಾರ ಹರೀತಾರೇನು?”

“ಅವರಿಗಿ ಉಡದಾರನಾ ಇಲ್ರಿ.”

“ಶಾಂತಕುಮಾರ, ಹೊರಗ ಕುಂತಾಳಲ್ಲ, ಆಕಿ ತಿಂಗಳಿಂದ ಒಂದ ಮಾತ ಕೇಳಾಕತ್ತಾಳ. ಮಗಾ ಒಬ್ಬನ ಇದ್ನೇನು ಅಂತ. ಈಗ ನೀನು ಗುಳಿಗಿ ವಿಚಾರಿಸಿದಿ. ಇದಕ್ಕೂ ನೀನ ಉತ್ತರ ಕೊಟ್ಟು ಹೋಗು.”

‘ರಿ’ ಹೋಗಿ ‘ನೀನು’ ಬಂದದ್ದನ್ನು ಅವನು ಗಮನಿಸಿದ. ಮೊಣಕಾಲಿನ ಮೇಲಿದ್ದ ಕೈಯನ್ನು ಮುಖಕ್ಕೆ ಒಯ್ದ. ಬೆರಳ ಸಂದಿಯಿಂದ ಮಾತು ಬಂತು.

“ಒಬ್ಬನ ಇರಲಿಲ್ರಿ. ನಾವಿದ್ವಿ.”

“ಹೇಳು.”

“ಐದಕ್ಕ ಕರದ್ವಿ. ಓ ಅನಲಿಲ್ಲ. ಡೇರೆ ತಗದು ನೋಡಿದ್ವಿ. ಬಾಯಿ ತಗದು ಬಿದ್ದಿದ್ದ. ಮೈ ಮಂಜಾಗಿತ್ತು. ಬೆರಳಿಗಿ ಆಕ್ಸಿಮೀಟರ್ ಹಚ್ಚಿದೆ. ನಂಬರ ಬರಲಿಲ್ಲ, ಖಾಲಿ ಗೀಟು. ನಾ ಅಂದೆ, ಮುಗೀತು ಅಂತ.”

“ಆಮ್ಯಾಲ?”

“ತೌಫೀಕ ಬ್ಯಾಟರಿ ಹಿಡದಿದ್ದ, ಅಳಾಕತ್ತಿದ್ದ. ನಾ ಉಡದಾರ ಹರದೆ. ಕೈಲೆ ಹರೀಲಿಲ್ಲ, ಕತ್ತರಿ ಹಚ್ಚಿದೆ. ಪ್ರವೀಣ ಅದ ದಾರದಲೆ ಹೆಬ್ಬೆರಳು ಕಟ್ಟಿದ. ಬ್ಯಾರೆ ದಾರ ಇರಲಿಲ್ಲ. ಕೈ ಎದಿ ಮ್ಯಾಲ ಇಟ್ವಿ.”

“ಇಟ್ಟು?”

“ಮ್ಯಾಲ ಹೋದ್ವಿ.”

ಅಕ್ರಮ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದ. ಭುವನೇಶ್ವರಿ ಅವನಿಗೆ ಬರೆ ಎಂದು ಸನ್ನೆ ಮಾಡಿದಳು.

“ಹೆಣ ಬಿಟ್ಟು ಪಾಳುಗ್ವಾಡಿ ನೋಡಾಕ ಹೋದ್ರಿ.”

“ನಾವು ಕುಂತ್ರ ಅಂವ ಏಳತಿದ್ನೇನ್ರಿ? ನಾಕ ವರ್ಷದಿಂದ ಅದನ್ನ ಮಾತಾಡಾಕತ್ತಿದ್ವಿ. ಜೈಭೀಮನ ನಕಾಶಿ ಬರದಾಂವ. ಅವನ ಹೆಸರಿಲೆ ನೋಡಿಕೊಂಡು ಬರೋಣು ಅಂದ್ವಿ.” ಅವನು ಮುಖ ಒರೆಸಿಕೊಂಡ. ಹೇಳಿದ್ದರಿಂದ ಅವನಿಗೆ ಹಗುರಾದಂತೆ ಕಂಡಿತು. “ತಪ್ಪಾತ್ರಿ. ಸುಳ್ಳ ಹೇಳಿದ್ದೂ ತಪ್ಪು. ಆದ್ರ ಕೊಂದಿಲ್ರಿ ನಾವು. ಸತ್ತವಂಗ ಮಾಡಬೇಕಾದ್ದು ಮಾಡಿ ಹೋದ್ವಿ.”

“ಪ್ರವೀಣ ಏನಂದ, ಹೆಬ್ಬೆರಳು ಕಟ್ಟೂವಾಗ?”

“ಏನಿಲ್ರಿ.”

“ಏನೂ ಇಲ್ಲ?”

“ಹೊಟ್ಟಿ ಬೆಚ್ಚಗದ ಅಂದ. ಹೆಣ ಒಮ್ಮೆಲೆ ತಣ್ಣಗಾಗಂಗಿಲ್ಲಪ್ಪ ಅಂದೆ ನಾ.”

ಭುವನೇಶ್ವರಿ ಫೈಲಿನ ಕೆಳಗಿನ ಹಾಳೆಗಳನ್ನು ತೆಗೆದು ಬಿಡಿಸಿದಳು. ಹೇಸರಗತ್ತೆಯವನ ಮಾತನ್ನು ಪತ್ರಿಕೆ ಓದುವಂತೆ, ಏರಿಳಿತವಿಲ್ಲದೆ ಓದಿದಳು.

“ಆರೂವರೆಗೆ ಚಹಾ ತೆಗೆದುಕೊಂಡು ಡೇರೆಗೆ ಹೋದೆ. ಅವನು ಅಂಗಾತ ಮಲಗಿದ್ದ. ಕೈಗಳು ಎದೆಯ ಮೇಲೆ ಜೋಡಿಸಿದ್ದವು. ಕಾಲಿನ ಹೆಬ್ಬೆರಳುಗಳನ್ನು ಕಪ್ಪು ದಾರದಿಂದ ಕಟ್ಟಲಾಗಿತ್ತು. ಗದ್ದದ ಕೆಳಗಿನಿಂದ ನೆತ್ತಿಯವರೆಗೆ ಒಂದು ಬಟ್ಟೆ ಬಿಗಿದು ಗಂಟು ಹಾಕಿತ್ತು. ಬೆಟ್ಟದ ಕಾಯಿಲೆಗೆ ಅವರ ದೇಶದ ಮದ್ದು ಇರಬೇಕು ಎಂದುಕೊಂಡೆ. ಬಟ್ಟೆಯ ಅಂಚಿನಿಂದ ಗುಲಾಬಿ ಬಣ್ಣದ ನೊರೆ ಬರುತ್ತಿತ್ತು. ಮೂಗಿನ ಬಳಿ ಕೈ ಹಿಡಿದೆ. ಉಸಿರು ಇತ್ತು.”

ಅವಳು ಹಾಳೆ ತಿರುವಿದಳು.

“ಬಟ್ಟೆಯನ್ನೂ ಕಾಲಿನ ದಾರವನ್ನೂ ಬಿಚ್ಚಿದೆ. ಅವನು ಎರಡು ಸಲ ಕಣ್ಣು ತೆರೆದ. ಮಾತಾಡಲಿಲ್ಲ. ಏಳು ನಲವತ್ತಕ್ಕೆ ಉಸಿರು ನಿಂತಿತು.”

ಪಡಸಾಲೆಯಲ್ಲಿ ದೇವಕಮ್ಮ ಯಾರನ್ನೋ ನೀರು ಕೇಳುತ್ತಿದ್ದಳು.

ಭುವನೇಶ್ವರಿ ಶಾಂತಕುಮಾರನ ಮುಖವನ್ನೇ ನೋಡುತ್ತಿದ್ದಳು. ಗೆಳೆಯ ಬದುಕಿದ್ದ ಎಂದು ಮೊದಲ ಸಲ ಕೇಳಿದವನ ಮುಖ ಹೇಗಿರುತ್ತದೆ ಎಂದು ಅವಳು ಬೆಳಿಗ್ಗೆಯಿಂದ ಯೋಚಿಸಿದ್ದಳು. ಆ ಮುಖ ಇದಾಗಿರಲಿಲ್ಲ.

“ಎರಡೂವರೆ ತಾಸು,” ಎಂದಳು. “ನೀವು ಹೋದ ಮ್ಯಾಲೂ ಅಂವ ಹತ್ರ ಹತ್ರ ಎರಡೂವರೆ ತಾಸು ಇದ್ದ. ಆಕ್ಸಿಮೀಟರ್ ಯಾಕ ನಂಬರ ತೋರ್ಸಲಿ‌ಲ್ಲ, ಶಾಂತಕುಮಾರ?”

“ಬೆರಳು ತಣ್ಣಗಿತ್ರಿ.”

“ತಣ್ಣಗಿದ್ರ ತೋರ್ಸಂಗಿಲ್ಲ ಅಂತ ನಿನಗ ಗೊತ್ತಿತ್ತೇನು?”

“ಗೊತ್ತಿತ್ತು.”

“ಕೊರೊನಾದಾಗ ಎಷ್ಟು ಮಂದಿ ಬೆರಳಿಗಿ ಹಚ್ಚಿದ್ದಿ?”

“ಲೆಕ್ಕ ಇಲ್ರಿ.”

“ಕುತ್ತಿಗಿ ನಾಡಿ ಮುಟ್ಟಿ ನೋಡಿದ್ಯಾ?”

ಅವನು ತಲೆಯಾಡಿಸಿದ.

“ಬಾಯಿಲೆ ಹೇಳು.”

“ಇಲ್ರಿ.”

“ಯಾಕ?”

ಶಾಂತಕುಮಾರ ಜೇಬಿನ ಎರಡು ಪೆನ್ನುಗಳನ್ನು ತೆಗೆದು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟ. ಮತ್ತೆ ಎತ್ತಿಕೊಂಡ.

“ನೋಡಿದ್ರ ಇಳಿಸಬೇಕಾಗ್ತಿತ್ರಿ.”

ಅಕ್ರಮ ಬರೆದುಕೊಂಡ.

“ರಾತ್ರೀನ ಗೊತ್ತಾಗಿತ್ತು ಹಂಗಾರ.”

“ಸಂಜಿಗಿ ಅರವತ್ತೆರಡು ತೋರ್ಸಿತ್ತು. ಪ್ರವೀಣ, ತೌಫೀಕ ಇಬ್ಬರಿಗೂ ಎಂಬತ್ತು ಅಂತ ಸುಳ್ಳ ಹೇಳಿದೆ. ಜೈಭೀಮಗೂ ಎಂಬತ್ತ ಅಂದೆ. ಅಂವ ನಂಬಿದ.” ಅವನ ದನಿ ಈಗ ಒಂದೇ ಸಮನಾಗಿತ್ತು. “ಮುಂಜಾನಿಗಿ ತಾನ ಏರ್ತದ ಅಂದಕೊಂಡಿದ್ದೆ.”

“ಬಾಯಿ ಯಾರು ಕಟ್ಟಿದ್ರು?”

ಅವನು ಬಾಗಿಲ ಕಡೆ ನೋಡಿದ.

“ಉಡದಾರ ನೀನು. ಹೆಬ್ಬೆರಳು ಪ್ರವೀಣ. ಬ್ಯಾಟರಿ ತೌಫೀಕ. ಬಾಯಿಗಿ ಬಟ್ಟಿ ಯಾರು ಬಿಗದ್ರು?”

“ಆವಾಗ ಯಾರೂ ಕಟ್ಟಲಿಲ್ರಿ.”

“ಕಟ್ಟಿತ್ತು.”

“ನಾವು ಮೂವರೂ ಇದ್ದಾಗ ಕಟ್ಟಿಲ್ಲ. ಹೊರಗ ಬಂದ್ವಿ, ಚೀಲ ಹಾಕ್ಕೊಂಡ್ವಿ, ಡೇರೇದ ಜಿಪ್ ಎಳದ್ವಿ. ಹತ್ತಿಪ್ಪತ್ತ ಹೆಜ್ಜಿ ಹೋಗಿದ್ವಿ.”

“ಹೋಗಿದ್ರಿ. ಮುಂದ?”

“ಒಳಗಿಂದ ಕೆಮ್ಮ ಕೇಳಿತ್ರಿ.”

“ಯಾರಿಗಿ?”

“ಮೂವರಿಗೂ ಕೇಳಿತು. ನಿಂತ್ವಿ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗಾಳಿ ಅಂದೆ ನಾ. ಆವಾಗ ಒಬ್ಬ ಅಂದ, ಟೋಪಿ ಮರತೀನಿ, ಡೇರೇದಾಗ ಬಿದ್ದದ, ತೊಗೊಂಡು ಬರ್ತೀನಿ ಅಂತ.”

“ಹೋದ.”

“ಹೋದ.”

“ಎಷ್ಟೊತ್ತು ಒಳಗಿದ್ದ?”

“ನಾಕೈದು ನಿಮಿಷ. ಹೊರಗ ಬಂದು ನಡೀರಿ ಅಂದ. ನಡದ್ವಿ. ಆಮ್ಯಾಲ ಕೆಮ್ಮ ಕೇಳಲಿಲ್ಲ.”

“ಟೋಪಿ ತಂದ್ನೇನು?”

ಶಾಂತಕುಮಾರ ಮೊದಲ ಸಲ ಅವಳ ಕಣ್ಣಿಗೆ ಕಣ್ಣು ಕೊಟ್ಟ.

“ಟೋಪಿ ಅವನ ತಲೀ ಮ್ಯಾಲ ಇತ್ರಿ. ಒಳಗ ಹೋಗೂವಾಗೂ ಇತ್ತು.”

“ನೀವು ಕೇಳಲಿಲ್ಲ.”

“ಯಾರೂ ಕೇಳಲಿಲ್ಲ.”

“ಯಾರಂವ? ಪ್ರವೀಣನೋ, ತೌಫೀಕನೋ?”

ಗಡಿಯಾರದ ಮುಳ್ಳು ನಾಲ್ಕೂವರೆ ದಾಟಿತ್ತು. ಶಾಂತಕುಮಾರ ಎದ್ದು ನಿಂತ. ಅಂಗಿಯ ಮಡಿಕೆ ಸರಿಮಾಡಿಕೊಂಡ.

“ಇನ್ನ ವಕೀಲರ ಕೂಡ ಬಂದು ಮಾತಾಡ್ತೀನ್ರಿ. ಈಗ ಹೇಳಿದ್ದಕ್ಕ ನಾ ಸಹಿ ಮಾಡಂಗಿಲ್ಲ.”

“ಮಾಡಬೇಕಂತ ಇಲ್ಲ.”

ಅದು ಇಬ್ಬರಿಗೂ ಗೊತ್ತಿತ್ತು. ಪೊಲೀಸರ ಮುಂದೆ ಒಪ್ಪಿಕೊಂಡ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಎರಡು ಫೋಟೊ ಮತ್ತು ಒಬ್ಬ ಹೇಸರಗತ್ತೆಯವನ ಹೇಳಿಕೆ ಇಟ್ಟುಕೊಂಡು ದಿಲ್ಲಿಗೆ ಬರೆಯಬಹುದು. ಬರೆಯಬೇಕಾದರೆ ತಾಯಿಯ ತಕರಾರು ಉಳಿದಿರಬೇಕು. ಅವನನ್ನು ಹೋಗಲು ಬಿಡುವುದರ ಹೊರತು ಈ ಹೊತ್ತಿಗೆ ಬೇರೆ ದಾರಿ ಇರಲಿಲ್ಲ.

ಅವಳು ದೇವಕಮ್ಮನ ಅರ್ಜಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅವನ ಹಿಂದೆ ಪಡಸಾಲೆಗೆ ಬಂದಳು. ಏನು ಹೇಳಬೇಕೆಂದು ಇನ್ನೂ ನಿರ್ಧರಿಸಿರಲಿಲ್ಲ. ಹೇಳುವ ಸರದಿಯೂ ಬರಲಿಲ್ಲ. ದೇವಕಮ್ಮ ಬೆಂಚಿನಿಂದ ಎದ್ದು ಶಾಂತಕುಮಾರನ ತೋಳು ಹಿಡಿದಿದ್ದಳು.

“ಕಣ್ಣ ಕೆಂಪಾಗ್ಯಾವಲ್ಲೋ, ಶಾಂತೂ. ಬೈದ್ರೇನು ಮೇಡಮ್ಮರು?”

“ಇಲ್ಲವ್ವ.”

“ಮತ್ತ ಯಾಕ ಅತ್ತಿ? ಅಂವನ ಸುದ್ದಿ ತಗದ್ರೇನು?” ಅವಳು ತೋಳು ಬಿಡಲಿಲ್ಲ. “ಇವರನ್ನ ಕೇಳಿ ಕೇಳಿ ಸಾಕಾತು. ನೀ ಹೇಳು. ನಾ ಏನೂ ಅನಂಗಿಲ್ಲ. ಅಂವ ಒಬ್ಬನ ಇದ್ನೇನು?”

ಶಾಂತಕುಮಾರ ಭುವನೇಶ್ವರಿಯತ್ತ ನೋಡಿದ. ಆಮೇಲೆ ಅವಳ ಕೈಯಲ್ಲಿದ್ದ ಹಾಳೆಯತ್ತ ನೋಡಿದ. ಅದರಲ್ಲಿ ಏನಿದೆ ಎಂದು ಅವನಿಗೆ ಗೊತ್ತಿತ್ತು. ಟೈಪ್ ಮಾಡಿಸಿ ತಂದವನು ಅವನೇ.

“ಇಲ್ಲವ್ವ,” ಎಂದ. “ಒಬ್ಬನ ಇರಲಿಲ್ಲ.”

“ಯಾರಿದ್ರು?”

“ನಾವ ಇದ್ವಿ. ಮೂರೂ ಮಂದಿ.”

ದೇವಕಮ್ಮ ಬೆಂಚಿನ ಮೇಲೆ ಕುಳಿತಳು. ಏಳು ವಾರದಿಂದ ಬಿಗಿದುಕೊಂಡಿದ್ದ ಹೆಗಲು ಒಂದೇ ಸಲ ಕೆಳಗಿಳಿಯಿತು.

“ಮತ್ತ ಮೊದಲ ಯಾಕ ಹೇಳಲಿಲ್ಲೋ ಹುಚ್ಚಾ?”

“ಅಂಜಿದ್ವಿ. ಹೊರಗಿನ ದೇಶ.”

“ಅಂಜೋದು ಖರೆ ಅದ.” ಅವಳು ಸೆರಗಿನಿಂದ ಅವನ ಕೈ ಒರೆಸಿದಳು, ಅದು ತನ್ನದೇ ಎನ್ನುವ ಹಾಗೆ. “ಉಡದಾರ?”

“ನಾನ ಹರದೆ.”

“ಚೊಲೊ ಆತು. ಈಶಪ್ಪನ ಕೈಲೆ ಆಗಲಿಲ್ಲ, ನಿನ್ನ ಕೈಲೆ ಆತು. ಅಂವಗ ನೀನೂ ತನ್ನಾಂವನ.”

“ದೇವಕಮ್ಮ,” ಎಂದಳು ಭುವನೇಶ್ವರಿ. “ಒಳಗ ಬರ್ರಿ. ನಿಮಗ ಒಂದ ಕಾಗದ ಓದಿ ಹೇಳೋದದ.”

“ತಡೀರಿ, ಮೇಡಂ. ಒಂದ ಮಾತು.” ಅವಳು ಶಾಂತಕುಮಾರನ ಕಡೆಗೇ ತಿರುಗಿದ್ದಳು. ದನಿ ತಗ್ಗಿತು. “ಹೋಗೂವಾಗ ಬಾಯಾಗ ನೀರ ಬಿಟ್ಟ್ಯೇನಪಾ?”

ಬಾಗಿಲಲ್ಲಿ ನಿಂತಿದ್ದ ಅಕ್ರಮ ಮುಖ ಆಚೆ ತಿರುಗಿಸಿದ.

“ಬಿಟ್ಟೆ, ಅವ್ವ,” ಎಂದ ಶಾಂತಕುಮಾರ.

“ಕುಡದ್ನೇನು?”

“ಕುಡದ.”

ದೇವಕಮ್ಮ ಕಣ್ಣು ಮುಚ್ಚಿ ಎರಡು ಸಲ ತಲೆಯಾಡಿಸಿದಳು. ಆಮೇಲೆ ಕೈ ಚಾಚಿ ಅವನ ಜೇಬಿನಿಂದ ಒಂದು ಪೆನ್ನು ತೆಗೆದುಕೊಂಡಳು, ಭುವನೇಶ್ವರಿಯ ಕೈಯಿಂದ ಅರ್ಜಿ ಎಳೆದು ಬೆಂಚಿನ ಮೇಲೆ ಹರಡಿದಳು. ಸಹಿಯ ಜಾಗ ಹುಡುಕಿ ಪೆನ್ನಿನ ಮೊನೆ ಇಟ್ಟಳು.

ಭುವನೇಶ್ವರಿ ಬಗ್ಗಿ ಆ ಜಾಗದ ಮೇಲೆ ಅಂಗೈ ಊರಿದಳು.

ಶಾಂತಕುಮಾರ ಕದಲದೆ ನಿಂತಿದ್ದ. ಐದಕ್ಕೆ ಹದಿನೆಂಟು ನಿಮಿಷ ಇತ್ತು.

“ಕೈ ತಗೀರಿ, ಮೇಡಂ,” ಎಂದಳು ದೇವಕಮ್ಮ. “ನನಗ ಇಷ್ಟ ಬೇಕಾಗಿತ್ತು.”